ಹಾಡುವಾಗ ನಿಮ್ಮ ಕೈ ಎಲ್ಲಿರುತ್ತೆ?

ಬೆಂಗಳೂರಿನ ಒಂದು ವಾದ್ಯಗಳ ಅಂಗಡಿಯಲ್ಲಿ ನನ್ನ ಕೆಲಸ. ಕೀಬೋರ್ಡ್, ಡ್ರಮ್ ಮೆಷಿನ್, ಸ್ಪೀಕರ್ ಇರುವ ಕೌಂಟರ್ ನನ್ನದು. ಡ್ರಮ್ ಮೆಷಿನ್ ಅಂದರೆ ಡ್ರಮ್ ಬಾರಿಸುವವರ ಬದಲು ತಾನೇ ತಾಳ ನುಡಿಸುವ ಪೆಟ್ಟಿಗೆ. ಡ್ರಮ್ ಮೆಷಿನ್ ನೋಡಲು ಬಂದವರು ಸಾಮಾನ್ಯವಾಗಿ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಸೌಂಡ್ ಕೇಳುತ್ತಾ ನಿಲ್ಲುತ್ತಾರೆ. ಕಿಕ್, ಅಂದರೆ ಡ್ರಮ್‌ಸೆಟ್‌ನ ದಪ್ಪ ಡ್ರಮ್, ಗುಮ್ಮೆಂದರೆ ಮುಖ ಅರಳುತ್ತದೆ. ಅಲ್ಲೇ ಮನಸ್ಸು ಗಟ್ಟಿ ಮಾಡಿಬಿಡುತ್ತಾರೆ. ಸೌಂಡ್ ಮುಖ್ಯ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಮೊದಲು ಕೇಳುವುದು ಬೇರೆಯದನ್ನು: ಹಾಡುವಾಗ ನಿಮ್ಮ ಕೈ ಎಲ್ಲಿರುತ್ತೆ?

ಗಿಟಾರ್ ಮೇಲೆ, ಅಂತಾರೆ ಸುಮಾರು ಜನ. ಕೆಲವರು ಹಾರ್ಮೋನಿಯಂ, ಕೆಲವರು ಕೀಬೋರ್ಡ್. ಅಂದರೆ ಎರಡು ಕೈಗೂ ಬಿಡುವಿಲ್ಲ. ಹಾಗಾದರೆ ಪಲ್ಲವಿ ಮುಗಿದು ಚರಣಕ್ಕೆ ಹೋಗುವಾಗ ಮೆಷಿನ್‌ನ ಬಟನ್ ಒತ್ತುವವರು ಯಾರು? ಕಾಲೇ ಒತ್ತಬೇಕು. ಆದ್ದರಿಂದ ಕಾರ್ಯಕ್ರಮಕ್ಕೆ ಅಂತ ಮೆಷಿನ್ ಕೊಳ್ಳುವವರು ಅದರ ಬೆನ್ನು ತಿರುಗಿಸಿ ನೋಡಬೇಕು. ಫುಟ್‌ಸ್ವಿಚ್ ಜಾಕ್ ಇದೆಯಾ? ಇದ್ದರೆ ಅದು ಏನೇನು ಮಾಡುತ್ತೆ? ಬರೀ ಶುರು ಮಾಡಿ ನಿಲ್ಲಿಸಿದರೆ ಸಾಲದು.

ಅಲೆಸಿಸ್ ಎಸ್‌ಆರ್-16 ನೋಡಿ. 1990ರ ದಶಕದ ಆರಂಭದ ಮೆಷಿನ್. ನೋಡಲು ಹಳೇ ಕ್ಯಾಲ್ಕುಲೇಟರ್ ಥರ ಇದೆ. ಆದರೂ ಒಬ್ಬರೇ ಕೂತು ಹಾಡುವವರಿಗೆ ನಾನು ಅದನ್ನು ಮನಸಾರೆ ತೋರಿಸುತ್ತೇನೆ. ಪ್ರತಿ ಪ್ಯಾಟರ್ನ್‌ಗೂ, ಅಂದರೆ ಮತ್ತೆ ಮತ್ತೆ ತಿರುಗುವ ತಾಳದ ತುಣುಕಿಗೂ, ಎ ಮತ್ತು ಬಿ ಅಂತ ಎರಡು ಭಾಗ, ಎರಡಕ್ಕೂ ಒಂದೊಂದು ಫಿಲ್ (ಭಾಗ ಬದಲಾಗುವ ಮುಂಚೆ ಬಾರಿಸುವ ಚಿಕ್ಕ ಓಟ). ಪಲ್ಲವಿಗೆ ಎ, ಚರಣಕ್ಕೆ ಬಿ ಇಟ್ಟುಕೊಳ್ಳಬಹುದು. ಒಂದು ಫುಟ್‌ಸ್ವಿಚ್ ಶುರು ಮಾಡಿ ನಿಲ್ಲಿಸಲು, ಇನ್ನೊಂದು ಫಿಲ್ ಕೊಟ್ಟು ಮುಂದಿನ ಭಾಗಕ್ಕೆ ದಾಟಿಸಲು.

ಅಂಗಡಿಯಲ್ಲಿ ಮೆಷಿನ್ ಅನ್ನು ಸ್ಟೂಲ್ ಮೇಲಿಟ್ಟು, ಗಿಟಾರ್ ಕೈಗೆ ಕೊಟ್ಟು, 'ನಿಮ್ಮದೇ ಹಾಡು ಹಾಡಿ ಸರ್, ಕೈ ಮಾತ್ರ ಗಿಟಾರ್ ಬಿಡಬಾರದು' ಅನ್ನುತ್ತೇನೆ. ಮೊದಲ ಸಲ ಎಲ್ಲರೂ ಪಲ್ಲವಿಯ ಕೊನೆಯ ಬಡಿತಕ್ಕೆ ಕಾದು ತುಳಿಯುತ್ತಾರೆ. ಅಷ್ಟರಲ್ಲಿ ಫಿಲ್‌ಗೆ ಜಾಗವೇ ಇರುವುದಿಲ್ಲ. ಸ್ವಲ್ಪ ಬೇಗ ತುಳಿದರೆ ಉದ್ದದ ಫಿಲ್, ತಡವಾದರೆ ಚಿಕ್ಕದು. ಇದು ಕಾಲಿಗೆ ಹತ್ತಲು ಜಾಸ್ತಿ ಹೊತ್ತು ಬೇಡ. ಹತ್ತಿದ ಮೇಲೆ ಹಾಡುವವರ ದನಿಯೇ ಬೇರೆ ಆಗುತ್ತದೆ. ಹಿಂದೆ ಯಾರೋ ನುಡಿಸುತ್ತಿದ್ದಾರೆ ಅನ್ನೋ ಧೈರ್ಯ ಬರುತ್ತದೆ. ಮೆಷಿನ್ ಅನ್ನೇ ಪೆಡಲ್ ರೂಪದಲ್ಲಿ ಮಾಡಿದ ಬೀಟ್‌ಬಡ್ಡಿ ಇನ್ನೂ ಸಲೀಸು. ಒಮ್ಮೆ ತುಳಿದರೆ ಫಿಲ್, ಒತ್ತಿ ಹಿಡಿದರೆ ಮುಂದಿನ ಭಾಗ.

ಮನೆಯಲ್ಲಿ ಹಾಡು ಕಟ್ಟುವವರ ಕಥೆ ಬೇರೆ. ಅಲ್ಲಿ ಕೈಗೆ ಬಿಡುವಿರುತ್ತದೆ, ಆದರೆ ತಲೆಗೆ ಬಂದ ಧಾಟಿ ಕಾಯುವುದಿಲ್ಲ. ಮೆನು ಒಳಗೆ ಮೆನು ಹುಡುಕುವಷ್ಟರಲ್ಲಿ ಅದು ಮರೆತೇ ಹೋಗುತ್ತದೆ. ಅವರಿಗೆ ಸಾಲಾಗಿ 16 ಬಟನ್ ಇರುವ ಮೆಷಿನ್ ಸರಿ. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808ರ ಮೇಲಿದ್ದದ್ದೂ ಇಂಥ ಸಾಲೇ. ಒಂದೊಂದು ಬಟನ್ ಒಂದೊಂದು ಸ್ಟೆಪ್. ಒತ್ತಿದಲ್ಲಿ ದೀಪ ಹತ್ತುತ್ತದೆ, ದೀಪ ಇದ್ದಲ್ಲಿ ಪೆಟ್ಟು ಬೀಳುತ್ತದೆ. ಕೋರ್ಗ್ ವೋಲ್ಕಾ ಬೀಟ್ಸ್ ಆರು ಪೆನ್ಸಿಲ್ ಸೆಲ್‌ನಲ್ಲಿ, ರೋಲ್ಯಾಂಡ್ ಟಿಆರ್-6ಎಸ್ ನಾಲ್ಕರಲ್ಲಿ ಓಡುತ್ತವೆ. ಕರೆಂಟ್ ಹೋದರೂ ಹಾಡು ನಿಲ್ಲುವುದಿಲ್ಲ.

ನಮ್ಮ ಹಾಡುಗಳಿಗೆ ಇನ್ನೊಂದು ವಿಷಯ ನೋಡಲೇಬೇಕು. ಒಂದು ಮಾತ್ರೆಗೆ ಎರಡು ಸ್ಟೆಪ್ ಅಂತ ಇಟ್ಟರೆ, 16 ಸ್ಟೆಪ್‌ನಲ್ಲಿ ಎಂಟು ಮಾತ್ರೆಯ ಕೆಹರ್ವಾ ಸರಿಯಾಗಿ ಕೂರುತ್ತದೆ. ಆರು ಮಾತ್ರೆಯ ದಾದ್ರಾ ಕೂರುವುದಿಲ್ಲ. ಪ್ಯಾಟರ್ನ್ ಎಲ್ಲಿ ಮುಗಿಯಬೇಕು ಅಂತ ನಾವೇ ಹೇಳುವ ಸೌಲಭ್ಯ ಇರಬೇಕು. 12ಕ್ಕೆ ನಿಲ್ಲಿಸಿ, ಒಂದಕ್ಕೆ ಕಿಕ್, ಏಳಕ್ಕೆ ಸ್ನೇರ್ (ಚಟ್ ಅನ್ನುವ ಡ್ರಮ್) ಇಟ್ಟರೆ ದಾದ್ರಾ ತೂಗಲು ಶುರು. ಏಳು ಮಾತ್ರೆಯ ಮಿಶ್ರ ಛಾಪು ಬೇಕಾ? 14ಕ್ಕೆ ನಿಲ್ಲಿಸಿ. ಒಂದಕ್ಕೆ ಕಿಕ್, ಏಳಕ್ಕೂ ಹನ್ನೊಂದಕ್ಕೂ ಸ್ನೇರ್. ತಕಿಟ ತಕಧಿಮಿ ಅಂತ ಹೇಳಿಕೊಂಡು ನೋಡಿ, ಪೆಟ್ಟು ಸರಿಯಾಗಿ ಬೀಳುತ್ತದೆ. ಇದನ್ನು ಯಾರೂ ತೋರಿಸದೇ ಇದ್ದರೆ, ಏಳರಲ್ಲಿ ಹುಟ್ಟಿದ ಧಾಟಿಯನ್ನು ಎಳೆದು ಎಂಟು ಮಾಡಿಕೊಳ್ಳುತ್ತಾರೆ ಜನ. ನನಗೆ ಅದು ನಿಜಕ್ಕೂ ಬೇಜಾರು. ಮೆಷಿನ್‌ಗೋಸ್ಕರ ಹಾಡು ಯಾಕೆ ಬದಲಾಗಬೇಕು ಹೇಳಿ?

ತಬಲಾ ಸೌಂಡ್ ಬೇಕು ಅಂತ ಬರುವವರೂ ಇದ್ದಾರೆ. ಅವರಿಗೆ ನಮ್ಮ ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಬಲಾ ತೋರಿಸುತ್ತೇನೆ. ಶ್ರುತಿ, ಲಯ ಇಟ್ಟುಕೊಂಡು ಠೇಕಾ, ಅಂದರೆ ತಾಳದ ಮೂಲ ನುಡಿತ, ಹಿಡಿಯಲು ಚೆನ್ನಾಗಿದೆ. ತಬಲಾ ನುಡಿಸುವ ಗೆಳೆಯರಿದ್ದರೆ ಕಾರ್ಯಕ್ರಮಕ್ಕೆ ಅವರನ್ನೇ ಕರೆದುಕೊಂಡು ಹೋಗಿ ಅಂತಲೂ ಹೇಳುತ್ತೇನೆ. ವ್ಯಾಪಾರ ಹೋದರೆ ಹೋಗಲಿ.

ಇನ್ನು ಸ್ಪೀಕರ್. ಡ್ರಮ್ ಮೆಷಿನ್ ಅನ್ನು ಗಿಟಾರ್ ಆಂಪ್‌ಗೆ ಹಾಕಬೇಡಿ. ಆ ಸ್ಪೀಕರ್ ಇರುವುದೇ ಗಿಟಾರ್ ದನಿಗೆ. ಚಿಣ್ ಅನ್ನುವ ಹೈಹ್ಯಾಟ್ ಮಂಕಾಗುತ್ತದೆ, ಕಿಕ್ ತೆಳ್ಳಗಾಗುತ್ತದೆ. ಕೀಬೋರ್ಡ್ ಆಂಪ್ ಅಥವಾ ಹಾಲ್‌ನ ಮಿಕ್ಸರ್‌ಗೆ ಕೊಡಿ.

ಮಿಕ್ಸರ್‌ಗೆ ಕೊಡುವಾಗ ಕೇಬಲ್ ಸರಿ ಇರಬೇಕು. 'ಕಾರ್ಯಕ್ರಮದಲ್ಲಿ ಕಿಕ್ಕೇ ಕೇಳಿಸಲಿಲ್ಲ, ಮೆಷಿನ್ ಕೆಟ್ಟಿದೆ' ಅಂತ ವಾಪಸ್ ತರುವವರ ಮೆಷಿನ್ ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ. ವೋಲ್ಕಾದಂಥ ಚಿಕ್ಕ ಮೆಷಿನ್‌ಗಳಲ್ಲಿ ಹೆಡ್‌ಫೋನ್ ಜಾಕ್ ಒಂದೇ ಔಟ್‌ಪುಟ್. ಅದರಲ್ಲಿ ಎಡ, ಬಲ ಎರಡೂ ಇರುತ್ತವೆ. ಆ ಸ್ಟೀರಿಯೋ ಜಾಕನ್ನು ಮಿಕ್ಸರ್‌ನ ಒಂದು ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ (ಎರಡು ತಂತಿಯ ಸಿಗ್ನಲ್‌ಗಳ ವ್ಯತ್ಯಾಸ ಮಾತ್ರ ತೆಗೆದುಕೊಳ್ಳುವ ಜಾಕ್) ನೇರ ಚುಚ್ಚಿದರೆ, ಮಿಕ್ಸರ್ ಎಡದಿಂದ ಬಲವನ್ನು ಕಳೆಯುತ್ತದೆ. ಎರಡೂ ಕಡೆ ಒಂದೇ ಸಮ ಇರುವ ಸೌಂಡ್ ಅಲ್ಲೇ ಮಾಯ. ಕಿಕ್ ಸಾಮಾನ್ಯವಾಗಿ ನಟ್ಟನಡುವೆ ಇರುತ್ತದಲ್ವಾ, ಮೊದಲು ಹೋಗುವುದೇ ಅದು. ಒಂದು ತುದಿಯಲ್ಲಿ 3.5 ಎಂ.ಎಂ. ಸ್ಟೀರಿಯೋ, ಇನ್ನೊಂದು ತುದಿಯಲ್ಲಿ ಎರಡು ದಪ್ಪ ಮೋನೋ ಜಾಕ್ ಇರುವ ಕೇಬಲ್ ಸಿಗುತ್ತದೆ. ಅದನ್ನು ಎರಡು ಚಾನೆಲ್‌ಗೆ ಹಾಕಿದರೆ ಸರಿ. ದುಬಾರಿಯೇನಲ್ಲ. ಮೆಷಿನ್ ಕೊಳ್ಳುವ ದಿನವೇ ತೆಗೆದುಕೊಳ್ಳಿ, ಚೀಲದಲ್ಲಿ ಇನ್ನೊಂದು ಸ್ಪೇರ್ ಇರಲಿ.