ಅಮ್ಮನ ಟೇಪು, ನನ್ನ ಕಾರ್ಡು

ಅಮ್ಮನ ಹೊಲಿಗೆ ಪೆಟ್ಟಿಗೆಯಿಂದ ಟೇಪು ಎಗರಿಸಿ ಕಂಪ್ಯೂಟರ್ ಕ್ಯಾಬಿನೆಟ್ ಒಳಗೆ ಅಳತೆ ತೆಗೆದೆ. 26 ಸೆಂಟಿಮೀಟರ್, ಅಷ್ಟೇ ಜಾಗ.

ಪರದೆಗೆ ಚಿತ್ರ ಕೊಡುವ, ಮೂರು ಫ್ಯಾನಿನ ಉದ್ದದ ಗ್ರಾಫಿಕ್ಸ್ ಕಾರ್ಡಿನ ಆಸೆ ಅಲ್ಲಿಗೆ ಮುಗಿಯಿತು.

12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಕಾರ್ಡು ತೆಗೆದುಕೋ ಅಣ್ಣಾ ಅಂತ ತಮ್ಮ ಹಟ ಹಿಡಿದಿದ್ದಾನೆ, ಆದರೆ ಅದು ಎಳೆಯುವುದು 170 ವ್ಯಾಟ್, 8 ಜಿಬಿಯ 4060ಕ್ಕೆ 115 ಸಾಕು, ನನ್ನ ಹಳೇ ಪವರ್ ಸಪ್ಲೈ ನೋಡಿದರೆ ನನಗೇ ಪಾಪ ಅನ್ನಿಸುತ್ತದೆ.

ಸಂಜೆ ಕಾಸರಗೋಡು ಪೇಟೆಯ ಅಂಗಡಿಗೆ ಹೋದರೆ ಅವರು ಮಲಯಾಳದಲ್ಲಿ ಕೇಳಿದ್ದು ಒಂದೇ. ಮಾನಿಟರ್ ಯಾವುದು?

60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು, ಅಂದೆ. ನಕ್ಕರು.

ಕಾರ್ಡು ಸೆಕೆಂಡಿಗೆ 100 ಫ್ರೇಮ್ ಕೊಟ್ಟರೂ ಆ ಮಾನಿಟರ್ ತೋರಿಸುವುದು 60 ಮಾತ್ರ ಅಲ್ವಾ! ಮೂರು ತಿಂಗಳಿಂದ ಸುಮ್ನೆ ರಿವ್ಯೂ ನೋಡಿದ್ದೇ ಬಂತು ಮಾರಾಯ್ರೆ, ಇದು ಹೊಳೆಯಲೇ ಇಲ್ಲ.

ಅಮ್ಮ ಇನ್ನೂ ಟೇಪು ಹುಡುಕುತ್ತಿದ್ದಾರೆ.