ಡ್ರೂಯಿಡ್ ಸಂಘವೊಂದನ್ನು ಸೇರುವ ಮುನ್ನ

ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಪ್ರತಿವರ್ಷ ಜೂನ್ ತಿಂಗಳ ಮೂರನೆಯ ವಾರ ಒಂದೇ ಬಗೆಯ ಚಿತ್ರ ಅಚ್ಚಾಗುತ್ತದೆ. ಸ್ಟೋನ್‌ಹೆಂಜ್‌ನ ಪ್ರಾಚೀನ ಶಿಲಾವೃತ್ತದ ಕಲ್ಲುಗಳ ನಡುವೆ ಬಿಳಿ ನಿಲುವಂಗಿ ತೊಟ್ಟವರು ವರ್ಷದ ಅತಿ ದೀರ್ಘ ಹಗಲಿನ ಸೂರ್ಯೋದಯಕ್ಕಾಗಿ ಕಾದು ನಿಂತಿರುತ್ತಾರೆ. ಇಲ್ಲಿ ನೆಲೆಸಿರುವ ನಮ್ಮವರಲ್ಲಿ ಹೆಚ್ಚಿನವರಿಗೆ ಡ್ರೂಯಿಡರ, ಅಂದರೆ ಬ್ರಿಟನ್ ಮತ್ತು ಸುತ್ತಲಿನ ಪ್ರಾಚೀನ ಸೆಲ್ಟಿಕ್ ಜನರ ಪುರೋಹಿತರ ಹೆಸರನ್ನು ಇಂದು ಹೊತ್ತವರ, ಪರಿಚಯ ಆ ಚಿತ್ರಕ್ಕೇ ಮುಗಿಯುತ್ತದೆ. ಆದರೆ 2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ಧರ್ಮವನ್ನು ಡ್ರೂಯಿಡ್ ಎಂದೇ ಬರೆಸಿದ್ದರು. ಮರ, ನೀರು, ಋತು, ಪೂರ್ವಜರು ಇವುಗಳ ಸುತ್ತ ಕಟ್ಟಿಕೊಂಡ ಈ ಮಾರ್ಗ ನನ್ನನ್ನು ಬಹುಕಾಲದಿಂದ ಸೆಳೆಯುತ್ತಿತ್ತು. ಅದನ್ನು ಒಬ್ಬನೇ ಓದಿಕೊಂಡು ಇರಬೇಕೇ, ಅಥವಾ ಒಂದು ಬಳಗವನ್ನು ಸೇರಬೇಕೇ, ಸೇರುವುದಾದರೆ ಯಾವುದನ್ನು ಎಂದು ವಿಚಾರಿಸುತ್ತ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಘಗಳನ್ನು ಅವುಗಳ ಗಾತ್ರದಿಂದಾಗಲಿ ವಯಸ್ಸಿನಿಂದಾಗಲಿ ಅಳೆಯಬಾರದು, ಅವು ಸದಸ್ಯನಿಂದ ಏನನ್ನು ಕೇಳುತ್ತವೆ ಮತ್ತು ತಮ್ಮ ಚರಿತ್ರೆಯನ್ನು ಎಷ್ಟು ನೇರವಾಗಿ ಹೇಳಿಕೊಳ್ಳುತ್ತವೆ ಎಂಬುದರಿಂದ ಅಳೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚರಿತ್ರೆಯಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅತಿ ಹೆಚ್ಚು ಸುಳ್ಳುಗಳು ಹುಟ್ಟುವುದು ಅಲ್ಲಿಯೇ. ಪ್ರಾಚೀನ ಡ್ರೂಯಿಡರು ತಮ್ಮ ವಿದ್ಯೆಯನ್ನು ಬರೆದಿಡುತ್ತಿರಲಿಲ್ಲ. ಕೆಲವರು ಇಪ್ಪತ್ತು ವರ್ಷಗಳವರೆಗೆ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರೆಂದು ಜೂಲಿಯಸ್ ಸೀಸರ್ ಬರೆದಿದ್ದಾನೆ. ಓಕ್ ಮರದ ಮೇಲೆ ಬೆಳೆದ ಮಿಸಲ್‌ಟೋ ಬದನಿಕೆಯನ್ನು ಕತ್ತರಿಸುವ ಅವರ ವಿಧಿಯನ್ನು ರೋಮನ್ ಲೇಖಕ ಪ್ಲಿನಿ ವರ್ಣಿಸಿದ್ದಾನೆ. ಕ್ರಿ.ಶ. 60ರ ಸುಮಾರಿಗೆ ರೋಮನ್ ಸೈನ್ಯ ವೇಲ್ಸ್‌ನ ಆಂಗಲ್ಸಿ ದ್ವೀಪಕ್ಕೆ ನುಗ್ಗಿ ಅವರ ಪವಿತ್ರ ವನಗಳನ್ನು ಕಡಿದುಹಾಕಿದ್ದನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಇವರೆಲ್ಲ ಹೊರಗಿನವರು, ಕೆಲವರಂತೂ ಶತ್ರುಗಳು. ಒಳಗಿನವರು ಬರೆದ ಒಂದು ಸಾಲೂ ನಮಗೆ ಉಳಿದಿಲ್ಲ. ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ಎದ್ದು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ, ಅಂದರೆ ಡ್ರೂಯಿಡರ ಉಲ್ಲೇಖ ಎಲ್ಲಿಯೂ ಸಿಗುವುದಕ್ಕೆ ಎರಡು ಸಾವಿರ ವರ್ಷಗಳಿಗೂ ಮೊದಲು. ಅವರನ್ನು ಆ ಕಲ್ಲುಗಳಿಗೆ ಜೋಡಿಸಿದ್ದು ಹದಿನೇಳನೆಯ ಶತಮಾನದ ಜಾನ್ ಆಬ್ರಿ ಮತ್ತು ಹದಿನೆಂಟನೆಯ ಶತಮಾನದ ವಿಲಿಯಂ ಸ್ಟಕ್ಲಿ ಎಂಬ ಪ್ರಾಚೀನ ಅವಶೇಷಗಳ ಅಧ್ಯಯನಕಾರರು. ಆದ್ದರಿಂದ ಇಂದಿನ ಯಾವ ಸಂಘವೇ ಆಗಲಿ, ತನ್ನದು ಎರಡು ಸಾವಿರ ವರ್ಷಗಳ ಅಖಂಡ ಗುರುಪರಂಪರೆ ಎಂದು ಹೇಳಿಕೊಂಡರೆ ಅದರಿಂದ ದೂರವಿರುವುದೇ ಲೇಸು. ಇನ್ನೂರು, ಅರವತ್ತು, ನಲವತ್ತು ವರ್ಷಗಳ ಹಿಂದೆ ಹುಟ್ಟಿದೆವು ಎಂದು ಒಪ್ಪಿಕೊಳ್ಳುವವರೊಂದಿಗೆ ಮಾತು ಮುಂದುವರಿಸಬಹುದು.

ಇನ್ನೂರು ವರ್ಷಗಳ ಲೆಕ್ಕಕ್ಕೆ ಸೇರುವುದು ವೇಲ್ಸ್‌ನ ಕವಿಗಳ ಕೂಟವಾದ ಗೋರ್ಸೆಧ್. ಯೋಲೊ ಮೊರ್ಗಾನುಗ್ ಎಂಬ ಕಾವ್ಯನಾಮದಿಂದ ಪ್ರಸಿದ್ಧನಾದ ಎಡ್ವರ್ಡ್ ವಿಲಿಯಮ್ಸ್ ಎಂಬ ಕಲ್ಲುಕುಟಿಗ ಕವಿ 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಮೇಲೆ ಅದರ ಮೊದಲ ಸಭೆಯನ್ನು ನಡೆಸಿದನು. ಪ್ರಾಚೀನವೆಂದು ಆತ ತೋರಿಸಿದ ಬರಹಗಳಲ್ಲಿ ಬಹುಪಾಲು ಆತನದೇ ಸೃಷ್ಟಿ ಎಂದು ಈಗ ವಿದ್ವಾಂಸರು ಒಪ್ಪಿದ್ದಾರೆ. ಹಾಗಿದ್ದರೂ ಆತ ಕಟ್ಟಿದ ಸಂಸ್ಥೆ ವೆಲ್ಷ್ ಭಾಷೆಯ ಅಭಿಮಾನಕ್ಕೆ ಒಂದು ನೆಲೆಯಾಯಿತು. ವೇಲ್ಸ್‌ನ ರಾಷ್ಟ್ರೀಯ ಐಸ್ಟೆಡ್‌ಫೊಡ್ ಎಂಬ ಕಾವ್ಯ ಸಂಗೀತಗಳ ಉತ್ಸವದಲ್ಲಿ ಆರ್ಚ್‌ಡ್ರೂಯಿಡ್ ಎನಿಸಿಕೊಂಡ ಗೋರ್ಸೆಧ್‌ನ ಮುಖ್ಯಸ್ಥರು ದೊಡ್ಡ ಖಡ್ಗವೊಂದನ್ನು ಒರೆಯಿಂದ ಅರ್ಧಕ್ಕೆ ಎಳೆದು "ಶಾಂತಿ ಇದೆಯೇ?" ಎಂದು ಮೂರು ಸಲ ಕೇಳುತ್ತಾರೆ. ನೆರೆದವರೆಲ್ಲ "ಶಾಂತಿ" ಎಂದು ಮೂರು ಸಲ ಕೂಗುತ್ತಾರೆ. ಖಡ್ಗವನ್ನು ಎಂದೂ ಪೂರ್ತಿ ಹಿರಿಯುವುದಿಲ್ಲ. ಆ ಬಳಿಕವೇ ಗೆದ್ದ ಕವಿಗೆ ಪೀಠದ ಗೌರವ. ಕವಿಯೊಬ್ಬನ ಸನ್ಮಾನಕ್ಕಾಗಿ ಒಂದು ಜನಾಂಗ ಇಷ್ಟು ಗಂಭೀರವಾಗಿ ಎದ್ದು ನಿಲ್ಲುವುದನ್ನು ಕನ್ನಡದವನಾಗಿ ನಾನು ತುಂಬು ಮನಸ್ಸಿನಿಂದ ಮೆಚ್ಚುತ್ತೇನೆ. ಆದರೆ ಗೋರ್ಸೆಧ್ ಒಂದು ಸಾಂಸ್ಕೃತಿಕ ಸಂಸ್ಥೆ. ಕ್ರೈಸ್ತ ಪಾದ್ರಿಗಳೂ ಅದರ ಸದಸ್ಯರಾಗಿದ್ದಾರೆ, ರೋವನ್ ವಿಲಿಯಮ್ಸ್ ಅವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಪದವಿಗೆ ಏರುವ ಮುನ್ನ 2002ರಲ್ಲಿ ಅದಕ್ಕೆ ಸೇರ್ಪಡೆಯಾದರು. ವೆಲ್ಷ್ ಭಾಷೆಗೆ ದುಡಿದವರಿಗೆ ದೊರೆಯುವ ಮನ್ನಣೆ ಅದು, ಆಧ್ಯಾತ್ಮಿಕ ಸಾಧನೆಯ ಮಾರ್ಗ ಅರಸುವವರು ಅರ್ಜಿ ಹಾಕುವ ಜಾಗವಲ್ಲ. 1781ರಲ್ಲಿ ಲಂಡನ್ನಿನಲ್ಲಿ ಆರಂಭವಾದ, ವಿನ್‌ಸ್ಟನ್ ಚರ್ಚಿಲ್ 1908ರಲ್ಲಿ ಸೇರಿದ್ದ 'ಏನ್ಷಿಯಂಟ್ ಆರ್ಡರ್ ಆಫ್ ಡ್ರೂಯಿಡ್ಸ್' ಕೂಡ ಸ್ನೇಹ ಮತ್ತು ಪರಸ್ಪರ ಸಹಾಯದ ಸಂಘವೇ ಹೊರತು ಪೂಜೆಯದಲ್ಲ.

ಸಾಧನೆಯ ಮಾರ್ಗವೆಂದು ಹುಡುಕುವವರಿಗೆ ಮೊದಲು ಎದುರಾಗುವ ಹೆಸರು 'ಆರ್ಡರ್ ಆಫ್ ಬಾರ್ಡ್ಸ್, ಓವೇಟ್ಸ್ ಅಂಡ್ ಡ್ರೂಯಿಡ್ಸ್', ಎಲ್ಲರ ಬಾಯಲ್ಲಿ ಒಬಿಒಡಿ. ಕವಿಯೂ ಶಿಕ್ಷಕರೂ ಆಗಿದ್ದ ರಾಸ್ ನಿಕೋಲ್ಸ್ ಅವರು ಹಳೆಯ ಸಂಘವೊಂದರಿಂದ ಹೊರಬಂದು 1964ರಲ್ಲಿ ಇದನ್ನು ಸ್ಥಾಪಿಸಿದರು. 1975ರಲ್ಲಿ ಅವರು ತೀರಿಕೊಂಡ ಮೇಲೆ ಸಂಘವೂ ಮಲಗಿಬಿಟ್ಟಿತು. ಅವರ ಶಿಷ್ಯ ಫಿಲಿಪ್ ಕಾರ್-ಗೋಮ್ 1988ರಲ್ಲಿ ಅದನ್ನು ಮತ್ತೆ ಎಬ್ಬಿಸಿ, ಮನೆಯಲ್ಲೇ ಕುಳಿತು ಕಲಿಯುವ ಅಂಚೆ ಪಾಠಕ್ರಮವನ್ನು ಹೊರತಂದರು. ಈಗ 2020ರಿಂದ ಐಮರ್ ಬರ್ಕ್ ಅದರ ಮುಖ್ಯಸ್ಥೆ. ಕಲಿಕೆಗೆ ಮೂರು ಮೆಟ್ಟಿಲುಗಳಿವೆ: ಹಾಡು, ಕಥೆ, ಕಲ್ಪನೆಗಳ ಬಾರ್ಡ್, ಮರಗಿಡ, ಔಷಧ, ಶಕುನ, ಪೂರ್ವಜರ ಓವೇಟ್, ಚಿಂತನೆ ಮತ್ತು ಆಚರಣೆಗಳ ಡ್ರೂಯಿಡ್. ಪಾಠಗಳು ತಿಂಗಳಿಗೊಮ್ಮೆ ಬರುತ್ತವೆ, ಸಂದೇಹ ಕೇಳಲು ಒಬ್ಬ ಮಾರ್ಗದರ್ಶಿ ಇರುತ್ತಾರೆ. ಒಂದು ಮೆಟ್ಟಿಲಿಗೆ ಕನಿಷ್ಠ ಒಂದು ವರ್ಷವೆಂದು ಇಟ್ಟುಕೊಳ್ಳಬೇಕು, ಬಹಳ ಮಂದಿ ಅದಕ್ಕಿಂತ ನಿಧಾನವಾಗಿಯೇ ಹೋಗುತ್ತಾರೆ. ದೇವರು ಒಬ್ಬನೋ ಹಲವರೋ, ಇದ್ದಾನೋ ಇಲ್ಲವೋ ಎಂಬ ವಿಷಯದಲ್ಲಿ ಸಂಘ ಯಾವ ಕಟ್ಟಳೆಯನ್ನೂ ವಿಧಿಸುವುದಿಲ್ಲ. ಕ್ರೈಸ್ತರು, ಬೌದ್ಧರು, ನಾಸ್ತಿಕರು ಒಂದೇ ಪಾಠ ಓದುತ್ತಾರೆ. ಮನೆದೇವರನ್ನು ಬಿಟ್ಟು ಬರಬೇಕೇ ಎಂಬ ಪ್ರಶ್ನೆ ನಮ್ಮವರಿಗೆ ಸಹಜವಾಗಿ ಏಳುತ್ತದೆ. ಇಲ್ಲಿ ಅದರ ಅಗತ್ಯವಿಲ್ಲ, ಬ್ರಿಟನ್ನಿನಲ್ಲಿ ಡ್ರೂಯಿಡರೂ ಹಿಂದೂಗಳೂ ಒಟ್ಟಿಗೆ ಕುಳಿತು ಮಾತಾಡುವ 'ಒನ್ ಟ್ರೀ' ಸಮಾವೇಶಗಳೂ ನಡೆದಿವೆ. ಕೊರತೆ ಎಂದರೆ, ಪಾಠಕ್ಕೆ ತೆರಬೇಕಾದ ಶುಲ್ಕ ಕಡಿಮೆಯೇನಲ್ಲ, ಮತ್ತು ಕಲಿಕೆಯ ಬಹುಭಾಗ ಒಂಟಿಯಾಗಿಯೇ ನಡೆಯುತ್ತದೆ. ಹತ್ತಿರದಲ್ಲಿ 'ಗ್ರೋವ್' ಎಂದು ಕರೆಯುವ ಸ್ಥಳೀಯ ಕೂಟ ಇರುವುದೋ ಇಲ್ಲವೋ ಎಂಬುದು ನೀವಿರುವ ಊರಿನ ಮೇಲೆ ಹೋಗುತ್ತದೆ.

ಕೂಟ ಹೇಗಿರುತ್ತದೆಂದು ತಿಳಿಯದೆ ಹಣ ಕಟ್ಟಬಾರದೆಂದು ನಾನು ಮೊದಲು ಎಲ್ಲರಿಗೂ ತೆರೆದಿರುವ ಆಚರಣೆಯೊಂದಕ್ಕೆ ಏವ್‌ಬರಿಗೆ ಹೋದೆ. ಸ್ಟೋನ್‌ಹೆಂಜ್‌ಗಿಂತ ಎಷ್ಟೋ ವಿಶಾಲವಾದ ಈ ಶಿಲಾವೃತ್ತದ ಒಳಗೇ ಹಳ್ಳಿಯ ಒಂದು ಭಾಗ, ಒಂದು ಪಬ್, ವಾಹನ ಓಡಾಡುವ ರಸ್ತೆ ಎಲ್ಲವೂ ಇವೆ. ಕುರಿಗಳು ಕಲ್ಲಿಗೆ ಮೈ ಉಜ್ಜುತ್ತವೆ, ಬಂದವರು ಕಲ್ಲನ್ನು ಮುಟ್ಟಬಹುದು. ಜನ ಕೈಹಿಡಿದು ದುಂಡಗೆ ನಿಂತರು. ಒಬ್ಬೊಬ್ಬರಾಗಿ ನಾಲ್ಕು ದಿಕ್ಕಿಗೂ ತಿರುಗಿ ಅಲ್ಲಿ ಶಾಂತಿ ಇರಲಿ ಎಂದು ಹೇಳಿದರು. ಶಾಂತಿ ಕೋರುವ ಮುನ್ನ ಬೇರೇನನ್ನೂ ಆರಂಭಿಸುವುದಿಲ್ಲ. ಪ್ರೀತಿ, ಶಾಂತಿಗಳಲ್ಲಿ ಜೊತೆಯಾಗಿ ನಿಲ್ಲುತ್ತೇವೆಂಬ ಪ್ರತಿಜ್ಞೆಯನ್ನು ಮೂರು ಸಲ ಹೇಳಿದ ಮೇಲೆ ಬ್ರೆಡ್ಡು ಮತ್ತು ಜೇನಿನಿಂದ ಮಾಡಿದ ಮೀಡ್ ಕೈಯಿಂದ ಕೈಗೆ ಹೋಯಿತು, ಮೊದಲ ತುಣುಕು ಮತ್ತು ಮೊದಲ ಗುಟುಕು ನೆಲಕ್ಕೆ. ಕುಡಿಯದವರಿಗೆ ಹಣ್ಣಿನ ರಸವಿತ್ತು. ಕೊನೆಯಲ್ಲಿ ಹಾಡು ಕಥೆಗಳ ಸರದಿ. ನೆರೆಯಲ್ಲಿ ನಿಂತಿದ್ದ ಹಿರಿಯರೊಬ್ಬರು ನಿಮ್ಮ ಭಾಷೆಯದೇ ಏನಾದರೂ ಆಗಲಿ ಎಂದಾಗ ನಾನು ಭೂತಾಯಿಯನ್ನು ನೆನೆಯುವ ನಮ್ಮ ಬೀಸುಕಲ್ಲಿನ ತ್ರಿಪದಿಯನ್ನು ಹೇಳಿದೆ. ಅರ್ಥವೇನೆಂದು ಕೇಳಿದರು, ಹೇಳಿದೆ, ತಲೆದೂಗಿದರು. ನಿಮ್ಮ ಪೂರ್ವಜರು ಯಾರು, ರಕ್ತದಲ್ಲಿ ಸೆಲ್ಟಿಕ್ ಅಂಶವಿದೆಯೇ ಎಂದು ಯಾರೊಬ್ಬರೂ ಕೇಳಲಿಲ್ಲ. ಹಾಗೆ ಕೇಳುವ ಕೂಟ ಎಲ್ಲಿಯಾದರೂ ಇದ್ದರೆ ಅಲ್ಲಿಂದ ಕೂಡಲೇ ಎದ್ದು ಬರಬೇಕು. ನಾನು ಪರಿಶೀಲಿಸಿದ ಮುಖ್ಯ ಸಂಘಗಳೆಲ್ಲವೂ ಎಲ್ಲ ಜನಾಂಗದವರಿಗೂ ತೆರೆದಿವೆ.

ಏವ್‌ಬರಿಯ ಈ ಬಗೆಯ ಕೂಟಗಳ ಹಿಂದೆ 1979ರಲ್ಲಿ ಫಿಲಿಪ್ ಶಾಲ್‌ಕ್ರಾಸ್ ಸ್ಥಾಪಿಸಿದ 'ಬ್ರಿಟಿಷ್ ಡ್ರೂಯಿಡ್ ಆರ್ಡರ್'ನ ಪಾತ್ರ ದೊಡ್ಡದು. ಇವರದು ವೇಲ್ಸ್, ಐರ್ಲೆಂಡ್‌ಗಳ ಮಧ್ಯಯುಗದ ಕಥೆಗಳನ್ನು ಆಧರಿಸಿದ, ಡೋಲು ಮತ್ತು ಆವೇಶಗಳಿಗೆ ಹೆಚ್ಚು ಜಾಗ ಕೊಡುವ ಮಾರ್ಗ. ಅಲ್ಲಿಂದ ಹೊರಬಂದ ಎಮ್ಮಾ ರೆಸ್ಟಾಲ್ ಆರ್ ಅವರು ಆರಂಭಿಸಿದ 'ದ ಡ್ರೂಯಿಡ್ ನೆಟ್‌ವರ್ಕ್' ಗುರುಗಳೂ ದರ್ಜೆಗಳೂ ಇಲ್ಲದ ಸಡಿಲ ಜಾಲ. 2010ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಾರಿಟಿ ಕಮಿಷನ್ ದೀರ್ಘ ವಿಚಾರಣೆಯ ಬಳಿಕ ಅದನ್ನು ಧಾರ್ಮಿಕ ದತ್ತಿಸಂಸ್ಥೆಯೆಂದು ನೋಂದಾಯಿಸಿತು. ಇಂಥ ನೋಂದಣಿಯಾದ ಸಂಸ್ಥೆಯ ಲೆಕ್ಕಪತ್ರವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಭಕ್ತಿಯ ವಿಷಯದಲ್ಲಿಯೂ ನಾನು ಈ ಅನುಕೂಲವನ್ನು ಸಣ್ಣದೆಂದು ಎಣಿಸುವುದಿಲ್ಲ.

ಅಮೆರಿಕದ ಕಥೆ ಬೇರೆಯೇ ಬಗೆಯದು. ಮಿನೆಸೋಟಾದ ಕಾರ್ಲ್‌ಟನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳೆಲ್ಲ ಧಾರ್ಮಿಕ ಸಭೆಗಳಿಗೆ ಕಡ್ಡಾಯವಾಗಿ ಹಾಜರಾಗಬೇಕೆಂಬ ನಿಯಮವಿತ್ತು. ಅದನ್ನು ಪ್ರತಿಭಟಿಸಲೆಂದು 1963ರಲ್ಲಿ ಕೆಲವು ವಿದ್ಯಾರ್ಥಿಗಳು 'ರಿಫಾರ್ಮ್ಡ್ ಡ್ರೂಯಿಡ್ಸ್ ಆಫ್ ನಾರ್ತ್ ಅಮೆರಿಕ' ಎಂಬ ಧರ್ಮವನ್ನೇ ಕಟ್ಟಿದರು. ಮರುವರ್ಷ ನಿಯಮ ರದ್ದಾಯಿತು. ಆದರೆ ಅಷ್ಟರಲ್ಲಿ ಬಯಲಿನ ಪೂಜೆ ಅವರಿಗೆ ನಿಜವಾಗಿಯೂ ಹಿಡಿಸಿತ್ತು, ಅದನ್ನು ಬಿಡಲಿಲ್ಲ. ಅದೇ ಬಳಗದಲ್ಲಿ ದೀಕ್ಷೆ ಪಡೆದಿದ್ದ ಐಸಾಕ್ ಬೋನ್‌ವಿಟ್ಸ್ 1983ರಲ್ಲಿ ಎಡಿಎಫ್ ಎಂದು ಹೆಸರಾದ 'ಆರ್ನ್ ರೀಅಖ್ತ್ ಫೇನ್' ಸಂಘವನ್ನು ಘೋಷಿಸಿದರು. ಒಬಿಒಡಿಗೂ ಇದಕ್ಕೂ ಇರುವ ಅಂತರ ಮುಖ್ಯವಾದದ್ದು. ಎಡಿಎಫ್ ಬಹುದೇವತಾರಾಧನೆಯ ಧರ್ಮಸಂಸ್ಥೆ, ಅದರ ಗ್ರೋವ್‌ಗಳು ಋತುಚಕ್ರವನ್ನು ಅನುಸರಿಸುವ ವರ್ಷದ ಎಂಟು ಹಬ್ಬಗಳನ್ನೂ ಸಾರ್ವಜನಿಕರಿಗೆ ತೆರೆದು ಆಚರಿಸಬೇಕು, ಹೊಸ ಸದಸ್ಯರು ಸುಮಾರು ಒಂದು ವರ್ಷದ ಓದು ಬರಹ ಧ್ಯಾನಗಳ ಅಭ್ಯಾಸವನ್ನು ಲಿಖಿತವಾಗಿ ಒಪ್ಪಿಸುವ ಕ್ರಮವಿದೆ. ಸೆಲ್ಟಿಕ್ ಜನರಿಗಷ್ಟೇ ಸೀಮಿತವಾಗದೆ ಇಂಡೋ-ಯುರೋಪಿಯನ್ ಪರಂಪರೆಗಳನ್ನೆಲ್ಲ ಅದು ತನ್ನ ವ್ಯಾಪ್ತಿಗೆ ತಂದುಕೊಂಡಿದೆ, ವೈದಿಕವೂ ಅದರಲ್ಲಿ ಒಂದು. ಅವರ ಆಚರಣೆಯ ನಡುವೆ ಬಾವಿ, ಅಗ್ನಿ, ಮರ ಎಂಬ ಮೂರು ಇರುತ್ತವೆ. ಪೂರ್ವಜರಿಗೆ, ನೆಲದ ಚೇತನಗಳಿಗೆ, ದೇವತೆಗಳಿಗೆ ಬೆಂಕಿಯಲ್ಲಿ ಎಣ್ಣೆಯನ್ನೋ ತುಪ್ಪವನ್ನೋ ಅರ್ಪಿಸಿ, ಅರ್ಪಣೆ ಸಂದಿತೇ ಎಂದು ಶಕುನ ನೋಡಿ, ಬಳಿಕ ಪವಿತ್ರ ಜಲವನ್ನು ಎಲ್ಲರಿಗೂ ಹಂಚುತ್ತಾರೆ. ಹೋಮ ಮತ್ತು ತೀರ್ಥಗಳ ನಡುವೆ ಬೆಳೆದ ನನಗೆ ಇದು ಹೊಸ ದೇಶದಲ್ಲಿ ಸೋದರತ್ತೆಯ ಮನೆ ಸಿಕ್ಕಂತೆ ಅನ್ನಿಸಿತು. ಆದರೆ ಇದರ ಬೇರು ಅಮೆರಿಕದಲ್ಲಿ ಗಟ್ಟಿ, ಇಂಗ್ಲೆಂಡಿನಲ್ಲಿ ಗ್ರೋವ್ ಸಿಗುವುದು ಅಪರೂಪ.

ಬೋನ್‌ವಿಟ್ಸ್ ಬಿಟ್ಟುಹೋದ ಇನ್ನೊಂದು ಉಪಯುಕ್ತ ಸಾಧನವೂ ಇದೆ. ಒಂದು ಗುಂಪು ಎಷ್ಟು ಅಪಾಯಕಾರಿ ಎಂದು ಅಳೆಯಲು ಅವರು 1970ರ ದಶಕದಲ್ಲಿ ಒಂದು ಪಟ್ಟಿ ರಚಿಸಿದರು. ನಾಯಕನ ಮಾತಿಗೆ ಎದುರಾಡಲು ಎಷ್ಟು ಅವಕಾಶ, ಹಣದ ಒತ್ತಾಯ ಎಷ್ಟು, ಲೈಂಗಿಕವಾಗಿ ಬಳಸಿಕೊಳ್ಳುವ ಸೂಚನೆ ಇದೆಯೇ, ಬಿಟ್ಟುಹೋದವರನ್ನು ಹೇಗೆ ಕಾಣುತ್ತಾರೆ, ಗುಂಪಿನಲ್ಲಿ ನಗುವಿಗೆ ಜಾಗವಿದೆಯೇ ಎಂದು ಒಂದೊಂದಕ್ಕೂ ಅಂಕ ಕೊಡುತ್ತ ಹೋಗಬೇಕು. ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಡ್ರೂಯಿಡ್ ಸಂಘಗಳಿಗಷ್ಟೇ ಅಲ್ಲ, ನಮ್ಮ ಊರಿನ ಯಾವ ಆಶ್ರಮಕ್ಕಾದರೂ ಈ ಪಟ್ಟಿಯನ್ನು ಹಿಡಿದು ನೋಡಬಹುದು. ಸಣ್ಣ ಸ್ಥಳೀಯ ಕೂಟಗಳ ವಿಷಯದಲ್ಲಿ ಇದು ಇನ್ನೂ ಅಗತ್ಯ, ಏಕೆಂದರೆ ಕೇಂದ್ರ ಸಂಘದ ಹೆಸರು ಎಷ್ಟೇ ದೊಡ್ಡದಿದ್ದರೂ ತಿಂಗಳು ತಿಂಗಳೂ ನೀವು ಕೂಡುವುದು ಆ ಹತ್ತು ಹದಿನೈದು ಮಂದಿಯ ಜೊತೆಗೆ.

ಕಲಿಸುವ ಕ್ರಮದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಗೌರವ ಹುಟ್ಟಿದ್ದು 1912ರಲ್ಲಿ ಆರಂಭವಾದ 'ಏನ್ಷಿಯಂಟ್ ಆರ್ಡರ್ ಆಫ್ ಡ್ರೂಯಿಡ್ಸ್ ಇನ್ ಅಮೆರಿಕ', ಅಂದರೆ ಎಒಡಿಎ ಬಗ್ಗೆ. ನಶಿಸುವ ಅಂಚಿನಲ್ಲಿದ್ದ ಇದನ್ನು 2003ರಿಂದ ಜಾನ್ ಮೈಕೆಲ್ ಗ್ರೀರ್ ಮತ್ತೆ ಕಟ್ಟಿದರು. ಇಲ್ಲಿ ಮೊದಲ ದರ್ಜೆಗೆ ಏರಬೇಕಾದರೆ ನಿಮ್ಮ ಊರಿನ ನೆಲ, ನೀರು, ಗಿಡ, ಹಕ್ಕಿಗಳ ಬಗ್ಗೆ ಓದಬೇಕು, ನಿಯಮಿತವಾಗಿ ಹೊರಗೆ ಹೋಗಿ ಅವುಗಳನ್ನು ಗಮನಿಸಬೇಕು, ಭೂಮಿಯ ಮೇಲಿನ ಹೊರೆ ತಗ್ಗುವಂತೆ ಬದುಕಿನಲ್ಲಿ ಕೆಲವು ಬದಲಾವಣೆಗಳನ್ನು ಮಾಡಿಕೊಂಡು ಅವುಗಳನ್ನು ಉಳಿಸಿಕೊಳ್ಳಬೇಕು, ಮರ ನೆಡಬೇಕು, ದಿನವೂ ಧ್ಯಾನ ಮಾಡಬೇಕು. ಕರ್ನಾಟಕದಲ್ಲಿದ್ದುಕೊಂಡೇ ಈ ಮಾರ್ಗದ ಬಗ್ಗೆ ಕುತೂಹಲ ಇರುವವರಿಗೆ ಈ ನಿಲುವು ತುಂಬ ಮುಖ್ಯ. ಡ್ರೂಯಿಡರ ಎಂಟು ಹಬ್ಬಗಳು ಬ್ರಿಟನ್ನಿನ ಹವೆಗೆ ಹೊಂದಿದವು. ಫೆಬ್ರವರಿ ಒಂದರ ಇಂಬೋಲ್ಕ್ ಹಬ್ಬ ಇಲ್ಲಿ ಹಿಮದ ನಡುವೆ ಸ್ನೋಡ್ರಾಪ್ ಅರಳುವ, ಕುರಿಗಳು ಈಯುವ ಕಾಲ. ನಮ್ಮಲ್ಲಿ ಆಗ ಮಾವು ಹೂ ಬಿಟ್ಟಿರುತ್ತದೆ, ಮುತ್ತುಗ ಕೆಂಪಾಗಲು ತೊಡಗಿರುತ್ತದೆ. ಇಲ್ಲಿ ಬೇಸಿಗೆಯ ಶಿಖರವಾದ ಜೂನ್ ನಮಗೆ ಮುಂಗಾರಿನ ಬಾಗಿಲು. ಋತುಚಕ್ರವನ್ನು ನೀವಿರುವ ನೆಲಕ್ಕೆ ತಕ್ಕಂತೆ ರೂಪಿಸಿಕೊಳ್ಳಿ ಎಂದು ಹೇಳದ ಸಂಘದ ಪಂಚಾಂಗವನ್ನು ಮಲೆನಾಡಿನಲ್ಲಿ ಹಾಗೆಯೇ ಅನುಸರಿಸಿದರೆ, ಪ್ರಕೃತಿಯನ್ನು ಗಮನಿಸಬೇಕೆಂಬ ಮೂಲ ಉದ್ದೇಶವೇ ಕೈತಪ್ಪುತ್ತದೆ.

ಇಷ್ಟೆಲ್ಲ ತೂಗಿ ನಾನು ಸೇರಿದ್ದು ಒಬಿಒಡಿಯ ಬಾರ್ಡ್ ಪಾಠಕ್ರಮಕ್ಕೆ. ಮನೆಯ ದೇವರ ಗೂಡಿಗೂ ತಿಂಗಳ ಪಾಠಕ್ಕೂ ಅಲ್ಲಿ ವಿರೋಧವಿಲ್ಲ, ಕೇಳಿದ ಪ್ರಶ್ನೆಗೆ ನೇರ ಉತ್ತರ ಬಂತು, ಯೋಲೊನ ಬರಹಗಳು ಆಧುನಿಕ ಸೃಷ್ಟಿ ಎಂಬುದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದರು, ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ಒಂದು ಗ್ರೋವ್ ಇತ್ತು. ಈ ಕೊನೆಯ ಕಾರಣವನ್ನು ಯಾರೂ ಹಗುರವಾಗಿ ಕಾಣಬಾರದು. ಎಒಡಿಎಯ ನಿಸರ್ಗ ವೀಕ್ಷಣೆಯ ಪದ್ಧತಿಯನ್ನು ಅದರ ಜೊತೆಗೇ ನನ್ನಷ್ಟಕ್ಕೆ ನಡೆಸಿದ್ದೇನೆ. ಎರಡನ್ನೂ ಸೇರಿಸಿ ನಡೆಯುವುದಕ್ಕೆ ಎರಡೂ ಕಡೆ ಆಕ್ಷೇಪವಿಲ್ಲ. ಬಹುದೇವತಾರಾಧನೆಯೇ ನಿಮ್ಮ ಮನಸ್ಸಿಗೆ ಹತ್ತಿರವಾಗಿದ್ದು, ಅಮೆರಿಕದ ಯಾವುದಾದರೂ ಗ್ರೋವ್ ಇರುವ ಊರಿನಲ್ಲಿ ನೀವು ಇದ್ದರೆ ನಾನು ಎಡಿಎಫ್ ಕಡೆಗೇ ಬೆರಳು ತೋರಿಸುತ್ತೇನೆ. ಯಾವುದಕ್ಕೇ ಆಗಲಿ, ಶುಲ್ಕ ಕಟ್ಟುವ ಮುನ್ನ ಒಂದು ಬಯಲು ಆಚರಣೆಗೆ ಹೋಗಿ, ಅಲ್ಲಿಯ ಹಳೆಯ ಸದಸ್ಯರನ್ನು ಬಳಗ ಬಿಟ್ಟುಹೋದವರ ಬಗ್ಗೆ ವಿಚಾರಿಸಿ, ಅವರು ಹೇಗೆ ಮಾತಾಡುತ್ತಾರೆಂದು ಗಮನವಿಟ್ಟು ಕೇಳಿಸಿಕೊಳ್ಳಿ.