ಗಾಳಿಯಲ್ಲಿ ನಿಂತ ಕಚೇರಿಯಲ್ಲಿ ಒಂದು ರಾತ್ರಿ

"ಮಾಮ, ಅದೇನಾ?" ಸ್ಟೀರಿಂಗ್ ಹಿಡಿದಿದ್ದ ಅಕ್ಕನ ಮಗ ಗದ್ದ ಎತ್ತಿ ತೋರಿಸಿದ. ನ್ಯೂಜೆರ್ಸಿಯ ಅವನ ಮನೆಯಿಂದ ಬೆಳಿಗ್ಗೆ ಹೊರಟು, ಐ-95 ಹೆದ್ದಾರಿಯಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ತಲುಪುತ್ತಿದ್ದೆವು. ಬಲಕ್ಕೆ ಕಡಲು. ಅದರ ಪಕ್ಕದಲ್ಲಿ ಬೂದುಬಣ್ಣದ ಕಾಂಕ್ರೀಟ್ ಕಟ್ಟಡ: ಕೆಳಗೆ ಎರಡು ಅಂತಸ್ತು, ಅದರ ಮೇಲೆ ಬರೀ ಗಾಳಿ, ಗಾಳಿಯ ಮೇಲೆ ಮತ್ತೆ ಕಟ್ಟಡ.

ಓದುವ ಕಾಲದಲ್ಲಿ ಪುಸ್ತಕವೊಂದರಲ್ಲಿ ಇದರ ಚಿತ್ರ ನೋಡಿದ್ದೆ. ಮೂವತ್ತು ವರ್ಷ ತೊಲೆ, ಕಂಬ, ಸ್ಲ್ಯಾಬುಗಳ ಲೆಕ್ಕ ಹಾಕಿದವನಿಗೆ ಆ ಚಿತ್ರ ಮರೆತಿರಲಿಲ್ಲ. ಅದೀಗ ಹೋಟೆಲ್ ಆಗಿದೆ, ಒಳಗೆ ಮಲಗಬಹುದು ಎಂದು ಗೊತ್ತಾದ ಮೇಲೆ ಅಮೆರಿಕಕ್ಕೆ ಬಂದು ಅದನ್ನು ನೋಡದೆ ಹೋಗಲು ಮನಸ್ಸು ಒಪ್ಪಲಿಲ್ಲ.

ಇದನ್ನು ಕಟ್ಟಿಸಿದ್ದು ಆರ್ಮ್‌ಸ್ಟ್ರಾಂಗ್ ರಬ್ಬರ್ ಎಂಬ ಟೈರ್ ಕಂಪನಿ. ಅದಕ್ಕೆ ಬೇಕಿದ್ದದ್ದು ತಗ್ಗಾದ ಕಟ್ಟಡ. ಆದರೆ ಹೆದ್ದಾರಿಯಲ್ಲಿ ಬರುವವರಿಗೆ ಊರ ಹೆಬ್ಬಾಗಿಲಿನಂತೆ ಎತ್ತರವಾಗಿ ಕಾಣಬೇಕೆಂದು ಮೇಯರ್ ರಿಚರ್ಡ್ ಲೀ ಹಟ ಹಿಡಿದರು. ವಾಸ್ತುಶಿಲ್ಪಿ ಮಾರ್ಸೆಲ್ ಬ್ರಾಯರ್ ಇಬ್ಬರ ಮಾತನ್ನೂ ಉಳಿಸಿದರು. ಟೈರ್ ಪರೀಕ್ಷೆಯ ಲ್ಯಾಬನ್ನು ಕೆಳಗಿಟ್ಟು, ಎರಡು ಅಂತಸ್ತಿನಷ್ಟು ಜಾಗ ಖಾಲಿ ಬಿಟ್ಟು, ಕಚೇರಿಯನ್ನು ಮೇಲೆ ನಿಲ್ಲಿಸಿದರು. ಲ್ಯಾಬಿನ ಸದ್ದು ಕಚೇರಿಗೆ ಮುಟ್ಟಬಾರದು ಎಂಬುದೂ ಆ ಖಾಲಿ ಜಾಗದ ಲೆಕ್ಕದಲ್ಲಿತ್ತು. ಕೆಲಸ ಮುಗಿದದ್ದು 1970ರಲ್ಲಿ. 1988ರಲ್ಲಿ ಕಂಪನಿಯನ್ನು ಇಟಲಿಯ ಪಿರೆಲ್ಲಿ ಕೊಂಡುಕೊಂಡಿತು, ಕೆಲವು ವರ್ಷಗಳ ಬಳಿಕ ಕಟ್ಟಡ ಖಾಲಿಯಾಯಿತು. ಆಮೇಲೆ ಜಾಗ ಕೊಂಡ ಪೀಠೋಪಕರಣ ಕಂಪನಿ ಐಕಿಯಾ, ಪಕ್ಕದ ತನ್ನ ಅಂಗಡಿಯ ಕಾರು ನಿಲುಗಡೆಗಾಗಿ ಲ್ಯಾಬಿನ ಹೆಚ್ಚಿನ ಭಾಗವನ್ನು ಕೆಡವಿತು. ಉಳಿದ ಗೋಪುರ ಜಾಹೀರಾತಿನ ಬಟ್ಟೆ ತೂಗುಹಾಕುವ ಗೋಡೆಯಾಗಿತ್ತು.

ಬ್ರೂಸ್ ಬೆಕರ್ ಎಂಬ ವಾಸ್ತುಶಿಲ್ಪಿ ಅದನ್ನು ತಾವೇ ಕೊಂಡು, ತಾವೇ ವಿನ್ಯಾಸ ಮಾಡಿ, 2022ರಲ್ಲಿ 165 ಕೋಣೆಗಳ ಹೋಟೆಲ್ ಮಾರ್ಸೆಲ್ ಆಗಿ ತೆರೆದರು. ಹೆಸರು ಬ್ರಾಯರ್ ಅವರದ್ದೇ. ಬೆತ್ತ ಹೆಣೆದು ಉಕ್ಕಿನ ಕೊಳವೆ ಬಗ್ಗಿಸಿ ಮಾಡಿದ ಚೆಸ್ಕಾ ಕುರ್ಚಿ ಗೊತ್ತಲ್ಲ, ಅದನ್ನು 1928ರಲ್ಲಿ ಮಾಡಿದವರು ಇವರೇ. ಹೋಟೆಲಿನಲ್ಲೂ ಆ ಕುರ್ಚಿ ಸಿಕ್ಕಿತು. ಕೂತು ಕಾಫಿ ಕುಡಿದೆ.

ಕಚೇರಿಯನ್ನು ಹೋಟೆಲ್ ಮಾಡುವುದೆಂದರೆ ಮೇಜು ತೆಗೆದು ಮಂಚ ಹಾಕುವಷ್ಟು ಸುಲಭವಲ್ಲ. ಕಚೇರಿಗೆ ಮಹಡಿಗೊಂದು ಕಡೆ ಶೌಚಾಲಯ ಇದ್ದರೆ ಸಾಕು. ಹೋಟೆಲಿಗೆ ಕೋಣೆಗೊಂದು ಬಚ್ಚಲು ಬೇಕು, ಎಂದರೆ ಹಳೆಯ ಸ್ಲ್ಯಾಬಿನಲ್ಲಿ ಎಷ್ಟೋ ಹೊಸ ತೂತು. ಕೋಣೆ ಕೋಣೆಗೂ ಕಿಟಕಿ ಬರಬೇಕು, ಅಡ್ಡಗೋಡೆ ಮಾತ್ರ ಕಿಟಕಿಯ ನಡುವೆ ಬಂದು ಕೂರಬಾರದು. ಇಲ್ಲಂತೂ ಮಧ್ಯದ ಖಾಲಿ ಜಾಗ ಬೇರೆ. ಅದಕ್ಕೆ ಗಾಜು ಹಾಕಿ ಇನ್ನಷ್ಟು ಕೋಣೆ ಮಾಡಿಕೊಳ್ಳುವ ಆಸೆ ಯಾವ ಮಾಲೀಕನಿಗೂ ಬಂದೀತು. ಮಾಡಿಲ್ಲ. ಕೆಳಗೆ ನಿಂತು ಕತ್ತೆತ್ತಿ ನೋಡಿದೆ, ಆಚೆಯ ಆಕಾಶ ಹಾಗೇ ಕಾಣುತ್ತದೆ. ಈ ಒಂದು ಸಂಯಮಕ್ಕೆ ನಾನು ಕೈ ಮುಗಿಯುತ್ತೇನೆ.

ನಮ್ಮ ಕೋಣೆಯ ಕಿಟಕಿಯ ಮುಂದೆ ಹೆದ್ದಾರಿಯೇ ಇತ್ತು. ಲಾರಿಗಳು ಸಾಲಾಗಿ ಹೋಗುತ್ತಿದ್ದವು, ಸದ್ದು ಮಾತ್ರ ಇಲ್ಲ. ಕಿಟಕಿಗೆ ಮೂರು ಪದರದ ಗಾಜು. ಅಚ್ಚಿನಲ್ಲಿ ಎರೆದ ಹೊರಗಿನ ಕಾಂಕ್ರೀಟ್ ಫಲಕಗಳಲ್ಲಿ ಕಿಟಕಿ ಆಳವಾಗಿ ಒಳಸರಿದಿರುವುದರಿಂದ ಬಿಸಿಲು ನೇರ ಗಾಜಿಗೆ ಬಡಿಯದು. ನಮ್ಮ ಹಳೆಯ ಮನೆಗಳ ಸಜ್ಜಾ ಮಾಡುವ ಕೆಲಸವನ್ನೇ ಇಲ್ಲಿ ಗೋಡೆಯ ಮಡಿಕೆ ಮಾಡುತ್ತದೆ. ಇಡೀ ಹೋಟೆಲಿನಲ್ಲಿ ಗ್ಯಾಸ್ ಇಲ್ಲ, ಅಡುಗೆಮನೆಯಲ್ಲೂ ಇಂಡಕ್ಷನ್ ಒಲೆ. ಕರೆಂಟು ಬರುವುದು ಚಾವಣಿಯ ಮೇಲೂ ಕಾರು ನಿಲ್ಲುವ ಚಪ್ಪರದ ಮೇಲೂ ಇರುವ ಸಾವಿರಕ್ಕೂ ಹೆಚ್ಚು ಸೋಲಾರ್ ಫಲಕಗಳಿಂದ. ಕೋಣೆಯ ದೀಪಗಳಿಗೆ ಕಂಪ್ಯೂಟರ್ ನೆಟ್‌ವರ್ಕಿನ ಕೇಬಲ್ಲಿನಲ್ಲೇ ವಿದ್ಯುತ್ ಹರಿಯುತ್ತದೆ. ಹುಡುಗನಿಗೆ ಇದು ಬಹಳ ಹಿಡಿಸಿತು, ದೀಪವನ್ನು ಹತ್ತಿಸಿ ಆರಿಸಿ ನೋಡುತ್ತಲೇ ಇದ್ದ.

ನನಗೆ ನಿದ್ದೆ ಬರಲಿಲ್ಲ. ನಮ್ಮ ಕಡೆ ಐವತ್ತು ವರ್ಷ ದಾಟಿದ ಕಾಂಕ್ರೀಟ್ ಕಟ್ಟಡ ಎಂದರೆ ಮೊದಲು ಬರುವ ಮಾತು "ಒಡೆದು ಕಟ್ಟೋಣ". ನಾನೂ ಅಂಥ ಕಡತಗಳಿಗೆ ಸಹಿ ಹಾಕಿದ್ದೇನೆ. ಸಿಮೆಂಟು ಸುಟ್ಟಾಗಿದೆ, ಉಕ್ಕು ಕರಗಿಸಿಯಾಗಿದೆ, ಅದರ ಹೊಗೆ ಎಂದೋ ಗಾಳಿಗೆ ಸೇರಿಯಾಗಿದೆ. ಒಡೆದರೆ ಅಷ್ಟನ್ನೂ ಚೆಲ್ಲಿ, ಮತ್ತೆ ಅಷ್ಟೇ ಸುಡಬೇಕು. ಇದೆಲ್ಲ ಆಗಲೂ ತಿಳಿದಿತ್ತು. ಉಳಿಸಿಕೊಂಡರೆ ಹೀಗೂ ಬಾಳುತ್ತದೆ ಎಂದು ಕಣ್ಣಾರೆ ಕಂಡಿರಲಿಲ್ಲ.

ಬೆಳಿಗ್ಗೆ ಹೊರಗೆ ಬಂದು, ಕೆಡವಿದ ಲ್ಯಾಬಿನ ಜಾಗ ತೋರಿಸು ಎಂದ ಹುಡುಗನನ್ನು ಕಾರು ನಿಲ್ಲುವ ಬಯಲಿಗೆ ಕರೆದುಕೊಂಡು ಹೋದೆ. ಎಲ್ಲೆಲ್ಲೂ ಟಾರು, ಬಿಳಿ ಗೆರೆ. "ಇಲ್ಲಿವರೆಗೂ ಇತ್ತಾ ಮಾಮ?" ಎಂದು ಕೇಳುತ್ತ ಅವನು ಹೆಜ್ಜೆ ಎಣಿಸುತ್ತ ನಡೆದ. "ಇನ್ನೂ ಮುಂದೆ ಹೋಗೋ," ಎಂದೆ. ನಾನು ಗೋಪುರಕ್ಕೆ ಬೆನ್ನು ಕೊಟ್ಟು ಅಲ್ಲೇ ನಿಂತಿದ್ದೆ, ಅವನು ದೂರದ ದೀಪದ ಕಂಬದವರೆಗೂ ಎಣಿಸುತ್ತಲೇ ಹೋದ.